ಇಪ್ಪತ್ತು ನಿಮಿಷ

"ಏ ರಂಡಿ, ಬ್ಯಾಳಿ ಹಸನ ಮಾಡಾಕ ಬಂದೀಯೋ, ಮಲಗಾಕ ಬಂದೀಯೋ? ಗಾದಿ ಹಾಸಲೇನ ನಿನಗ?"

ಮುನೀಮ ಮಹಾರುದ್ರಪ್ಪ ಚರಿಗೆಯ ನೀರನ್ನು ಅವ್ವನ ಮುಖಕ್ಕೆ ಎರಚಿದ. ಬೆಚ್ಚಿ ಕಣ್ಣು ತೆರೆದ ಅವ್ವ ಮೊದಲು ತೊಡೆಯ ಮೇಲಿದ್ದ ಬೇಳೆ ಕೇರುವ ಮರವನ್ನು ಸೆರಗಿನಿಂದ ಮುಚ್ಚಿದಳು. ಬೇಳೆ ತೊಯ್ದರೆ ಆ ತಪ್ಪೂ ಅವಳ ತಲೆಗೇ ಬರುತ್ತದೆ. ಆಮೇಲೆ ಮುಖ ಒರೆಸಿಕೊಂಡಳು.

"ತಪ್ಪಾತ್ರಿ ಮುನೀಮರ. ಕಣ್ಣ ಹತ್ತೇ ಬಿಟ್ವು."

"ದಿನಾ ಹತ್ತತಾವಲ್ಲ. ಗಂಡ ಸತ್ತು ಎಂಟ ವರ್ಷ ಆತು. ರಾತ್ರಿ ಯಾರ ಸಲುವಾಗಿ ಎಚ್ಚರ ಇರ್ತೀ, ದ್ರೌಪತಿ?"

ಬಾಗಿಲ ಬಳಿ ಚೀಲ ಹೊಲಿಯುತ್ತಿದ್ದ ಗಂಡಸರು ನಕ್ಕರು. ಅವ್ವನೂ ಸ್ವಲ್ಪ ನಕ್ಕಳು. ಅಲ್ಲಿ ನಗದಿದ್ದರೆ ಮಾತು ಇನ್ನೂ ಬೆಳೆಯುತ್ತದೆಂದು ಅವಳಿಗೆ ಗೊತ್ತು. ಪಕ್ಕದಲ್ಲೇ ಕೂತಿದ್ದ ನಾನು ತಲೆ ಎತ್ತಲಿಲ್ಲ.

ತಪ್ಪು ನನ್ನದು.

ಹುಮನಾಬಾದಿನ ಹೊರಗೆ, ಹೈವೇಗೆ ಹತ್ತಿಕೊಂಡಿರುವ ಈ ಬೇಳೆ ಮಿಲ್ಲಿನಲ್ಲಿ ತಗಡಿನ ಕೆಳಗೆ ಇಪ್ಪತ್ತು ಮಂದಿ ಹೆಂಗಸರು ತೊಗರಿಬೇಳೆ ಕೇರುತ್ತೇವೆ, ಹರಳು ಆರಿಸುತ್ತೇವೆ. ಮಹಾರುದ್ರಪ್ಪ ಫ್ಯಾನಿನ ಕೆಳಗೆ ಮಂಚದ ಮೇಲೆ ಒರಗಿರುತ್ತಾನೆ. ಕಣ್ಣು ಮೊಬೈಲಿನಲ್ಲಿ, ಕಿವಿ ನಮ್ಮ ಮರಗಳಲ್ಲಿ. ಗೋಡೆಯಾಚೆ ಮಶೀನು ಎಷ್ಟೇ ಗುಡುಗಲಿ, ಒಂದು ಮರದ ಸಪ್ಪಳ ನಿಂತರೆ ಅವನಿಗೆ ತಿಳಿಯುತ್ತದೆ. ಅದಕ್ಕೇ ಹೆಂಗಸರು ಜೋಡಿ ಮಾಡಿಕೊಂಡಿದ್ದಾರೆ. ರೊಟ್ಟಿ ತಿಂದ ಮೇಲೆ ಒಬ್ಬಳು ಕೂತಲ್ಲೇ ಗದ್ದವನ್ನು ಎದೆಗಿಟ್ಟು ಕಣ್ಣು ಮುಚ್ಚುತ್ತಾಳೆ. ಇನ್ನೊಬ್ಬಳು ತನ್ನದೊಂದು, ಅವಳದೊಂದು ಎಂಬಂತೆ ಮರಕ್ಕೆ ಎರಡೆರಡು ಪೆಟ್ಟು ಹಾಕುತ್ತ ಕೇರುತ್ತಾಳೆ. ಹತ್ತು ನಿಮಿಷದ ನಂತರ ಪಾಳಿ ಬದಲು. ನಮ್ಮಲ್ಲಿ ಹಿರಿಯಳಾದ ಸರ್ದಾರಬಿ ಖಾಲಾಗೆ ಇದನ್ನು ಅವಳ ಅತ್ತೆ ಕಲಿಸಿದ್ದಳಂತೆ.

ಅವ್ವ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿದು, ನೀರು ತಂದು, ದುಬಲಗುಂಡಿಯಿಂದ ಮೊದಲ ಬಸ್ಸಿಗೆ ನನ್ನನ್ನೂ ಎಳೆದುಕೊಂಡು ಬರುತ್ತಾಳೆ. ಅವಳ ಜೋಡಿ ನಾನು. ಆ ದಿನ ಅವಳಿಗಾಗಿ ಕೇರುತ್ತ ಕೇರುತ್ತ ನನ್ನ ಕೈಯೂ ನಿಂತಿತು. ಬಸವಕಲ್ಯಾಣದ ಕಾಲೇಜಿನಲ್ಲಿ ಬಿ.ಎ. ಮುಗಿಸಿದವಳಿಗೆ ಹತ್ತು ನಿಮಿಷ ಎಚ್ಚರ ಇರಲು ಬರಲಿಲ್ಲ.

ಮರುದಿನ ಮಿಲ್ಲಿನ ಬಾಗಿಲಿಗೆ ಬಟ್ಟೆಯ ಬ್ಯಾನರು ಕಟ್ಟಿದ್ದರು. 'ಮಧ್ಯಾಹ್ನದ ದಣಿವಿಗೆ ವಿದಾಯ: ಮಹಿಳಾ ಕಾರ್ಮಿಕರಿಗೆ ಆರೋಗ್ಯ ಶಿಬಿರ'. ಕೆಳಗೆ ಮಾಲಕ ಸಂಜೀವಕುಮಾರರು ಕೈ ಮುಗಿದ ಫೋಟೊ. ಒಂದೂವರೆಗೆ, ನಾವು ರೊಟ್ಟಿ ಗಂಟು ಬಿಚ್ಚುವ ಹೊತ್ತಿಗೆ, ಕಾರು ಬಂತು. ಬಸವಕಲ್ಯಾಣದಲ್ಲಿ ಯೋಗ ಕಲಿಸುವ ಜಯಮಾಲಾ ಎಂಬುವವರು ಇಳಿದರು. ಜೊತೆಗೆ ಹಣೆಯ ತುಂಬ ವಿಭೂತಿ ಹಚ್ಚಿಕೊಂಡ ಮಾಲಕರು. ಗಂಟು ಮತ್ತೆ ಕಟ್ಟಿ ಸಾಲಾಗಿ ಕೂತೆವು.

ಮಾಲಕರು ಮೊದಲು ಮಾತಾಡಿದರು. "ನೋಡ್ರಿ, ಕಾಯಕದ ಹೊತ್ತಿನಾಗ ತೂಕಡಸೂದು ಅಂದ್ರ ಶರಣರಿಗಿ ದ್ರೋಹ ಮಾಡಿದಂಗ. ನೀವೆಲ್ಲ ನಮ್ಮ ಮನಿ ಹೆಣಮಕ್ಕಳಿದ್ದಂಗ. ಅದಕ್ಕ ಈ ಅಕ್ಕೋರ್ನ ಕರಸೀನಿ."

ಜಯಮಾಲಾ ಅವರ ದನಿ ಮೃದುವಾಗಿತ್ತು. ಬೈಗುಳವಿಲ್ಲದ ಮಾತು ಆ ತಗಡಿನ ಕೆಳಗೆ ಕೇಳಿ ಎಷ್ಟೋ ದಿನವಾಗಿತ್ತು.

"ಮಧ್ಯಾಹ್ನ ಭಾರಿ ಊಟ ಮಾಡಿದರೆ ದೇಹ ಭಾರವಾಗುತ್ತದೆ. ಇವತ್ತು ನೀವೆಲ್ಲ ಏನು ಊಟ ಮಾಡಿದಿರಿ?"

"ಇನ್ನಾ ಉಂಡಿಲ್ರಿ ಅಕ್ಕೋರ," ಎಂದಳು ಗಂಗುಬಾಯಿ ಮಾವಶಿ. ಅವಳ ನಾಲಗೆಗೆ ಮುನೀಮನೂ ಸ್ವಲ್ಪ ಅಂಜುತ್ತಾನೆ. "ನಿಮ್ಮ ಹಾದಿ ಕಾಯಾಕತ್ತೇವಿ. ಹೊಟ್ಟಿ ಹಗುರೇ ಅದ."

ಜಯಮಾಲಾ ನಕ್ಕು ಮುಂದುವರಿದರು. "ನೀರು ಕಡಿಮೆಯಾದರೂ ಸುಸ್ತು ಬರುತ್ತದೆ. ಗಂಟೆಗೊಂದು ಲೋಟ ನೀರು ತಪ್ಪಿಸಬೇಡಿ."

"ಕುಡದ್ರ ಹೊರಗ ಹೋಗಬೇಕಾಗ್ತದಲ್ರಿ. ಸಂಡಾಸದ ಕೀಲಿ ಮುನೀಮರ ಉಡದಾರದಾಗ ಅದ. ಅದಕ್ಕ ಕೈ ಹಾಕೂದು ಹ್ಯಾಂಗ್ರಿ?"

ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಬೀಗ ಹಾಕಿದ ಆ ಸಂಡಾಸ ಆಫೀಸಿನವರಿಗಾಗಿ. ನಮಗೆ ಹಿಂದಿನ ಜಾಲಿಗಿಡಗಳು. ಅಲ್ಲಿ ಲಾರಿಯವರು ನಿಂತಿರುತ್ತಾರೆ. ಹಾಗಾಗಿ ಬೆಳಿಗ್ಗೆ ಊರಲ್ಲಿ ಕುಡಿದ ನೀರೇ ಸಂಜೆಯವರೆಗೆ. ಮಾಲಕರೂ ನಕ್ಕರು, ಆದರೆ ಗಂಗುಬಾಯಿಯನ್ನು ನೋಡುತ್ತಿದ್ದ ಅವರ ಕಣ್ಣು ನಗಲಿಲ್ಲ.

"ಕೊನೆಯದಾಗಿ," ಎಂದರು ಜಯಮಾಲಾ ಅವಸರದಿಂದ, "ಊಟದ ನಂತರ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಮಲಗಿ. ಇದು ಸೋಮಾರಿತನವಲ್ಲ. ಮಶೀನನ್ನೂ ತಣ್ಣಗಾಗಲು ಬಿಡುತ್ತೀರಲ್ಲ? ಯಾರಾದರೂ ಮುಂದೆ ಬನ್ನಿ, ಹೇಗೆ ಮಲಗಬೇಕು ಅಂತ ತೋರಿಸುತ್ತೇನೆ."

ಯಾರೂ ಏಳಲಿಲ್ಲ. ಮಹಾರುದ್ರಪ್ಪ ಹಲ್ಲು ಕಿರಿದ. "ದ್ರೌಪತಿನ್ನ ಮಲಗಸ್ರಿ ಅಕ್ಕೋರ. ಆಕಿಗಿ ಯಾರೂ ಕಲಸೂದು ಬ್ಯಾಡ."

ಅವ್ವ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಜಯಮಾಲಾ ನೀಲಿ ಚಾಪೆ ಬಿಚ್ಚಿ ಹಾಸಿದರು. ಅವ್ವ ಚಪ್ಪಲಿ ದೂರ ಬಿಟ್ಟು, ಸೀರೆಗೆ ಹತ್ತಿದ ಹೊಟ್ಟು ಜಾಡಿಸಿಕೊಂಡು, ಚಾಪೆಯ ಅಂಚಿನಲ್ಲಿ ಮೈ ಮುದುಡಿ ಮಲಗಿದಳು. ಮುನೀಮ ಫೋಟೊ ಹೊಡೆದ. "ಉಸಿರನ್ನು ನಿಧಾನ ಬಿಡಿ," ಎನ್ನುವಷ್ಟರಲ್ಲಿ ಅವ್ವನ ಬಾಯಿ ತೆರೆಯಿತು. ಗೊರಕೆ ಶುರುವಾಯಿತು.

ಜಯಮಾಲಾ ಕರೆದರು, ಏಳಲಿಲ್ಲ. ಭುಜ ಅಲುಗಿಸಿದರು, ಏಳಲಿಲ್ಲ. ಚೀಲ ಹೊಲಿಯುವವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ನಾನೇ ಹೋಗಿ ಎಬ್ಬಿಸಿದೆ. ಅವ್ವ ಎದ್ದವಳೇ ಎಲ್ಲರಿಗೂ ಕೈ ಮುಗಿದಳು.

ಹೊರಡುವ ಹೊತ್ತಿಗೆ ಜಯಮಾಲಾ ಚಾಪೆ ಸುತ್ತಲು ಬಗ್ಗಿದರು. ಮಹಾರುದ್ರಪ್ಪ ತಡೆದ. "ಇರ್ರಿ ಅಕ್ಕೋರ. ಊರ ಹೊರಗಿನ ಓಣ್ಯಾಕಿ ಮಲಗ್ಯಾಳ. ನೀವು ಪೂಜಾದವರು. ಜರಾ ತೊಳದ ಕೊಡ್ತೀನಿ."

"ಛೇ, ಬೇಡ ಬಿಡಿ," ಎಂದರು ಅವರು. ಅಂದವರು ಚಾಪೆಯನ್ನು ಬಿಟ್ಟುಕೊಟ್ಟರು. ಮುನೀಮ ಅಂಗಳದಲ್ಲಿ ಪೈಪಿನಿಂದ ಅದನ್ನು ತೊಳೆದು ಬಿಸಿಲಿಗೆ ಹಾಕಿದ. ಒಣಗುವವರೆಗೆ ಅವರು ಆಫೀಸಿನಲ್ಲಿ ಚಹಾ ಕುಡಿದರು. ಅವ್ವ ಕಂಬಕ್ಕೆ ಆನಿಕೊಂಡು ನೀರು ಹರಿದು ಹೋಗುವುದನ್ನು ನೋಡುತ್ತ ನಿಂತಿದ್ದಳು.

ಕಾರು ಗೇಟು ದಾಟಿದ ಮೇಲೆ ಮಾಲಕರು ಒಳಗೆ ಬಂದರು.

"ಮಹಾರುದ್ರಾ, ಆ ಗೊರಕಿ ಹೊಡದ ಮುದಿಕೀನ್ನ ನಾಳಿಂದ ಮಶೀನ್ ಪಟ್ಟಾದ ಮುಂದ ನಿಂದ್ರಸು. ಮಂದಿ ಮುಂದ ಮಾನ ಕಳದಳು ಸೂಳಿ. ಅಲ್ಲಿ ಹ್ಯಾಂಗ ನಿದ್ದಿ ಬರ್ತದ ನೋಡೂಣು."

ಯಾರ ಮರವೂ ನಿಲ್ಲಲಿಲ್ಲ. ಎಲ್ಲರೂ ಸರ್ದಾರಬಿ ಖಾಲಾನ ಬಲಗೈ ಕಡೆ ನೋಡಿದರು, ಅಷ್ಟೆ. ಅದರಲ್ಲಿ ಎರಡೇ ಬೆರಳು ಇವೆ. ಮೂರು ವರ್ಷದ ಹಿಂದೆ ಓಡುವ ಪಟ್ಟಾಕ್ಕೆ, ಮಶೀನಿನ ಬೆಲ್ಟಿಗೆ, ಬಳೆ ಸಿಕ್ಕಿತ್ತು. ಆ ಎರಡು ಬೆರಳಲ್ಲೇ ಅವಳು ಈಗ ಹರಳು ಆರಿಸುತ್ತಾಳೆ.

ಸಂಜೆ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಅವ್ವ ಕಂಬಿ ಹಿಡಿದು ನಿಂತಲ್ಲೇ ನಿದ್ದೆ ಹೋದಳು. ಮೊಣಕಾಲು ಕುಸಿದಾಗೊಮ್ಮೆ ಎಚ್ಚರಾಗಿ, ಮತ್ತೆ ನಿದ್ದೆ. ನಾನು ಅವಳ ಸೊಂಟ ಹಿಡಿದುಕೊಂಡಿದ್ದೆ.

"ಅವ್ವಾ, ನಾಳಿ ಬರಬ್ಯಾಡ."

"ನಾ ಬರಲಿಲ್ಲಂದ್ರ ನಿನ್ನೂ ತಗದ ಹಾಕ್ತಾರ."

"ಹಾಕಲಿ."

"ಹಾಕಿದ್ರ ತಿನ್ನೂದೇನು, ನಿನ್ನ ಬಿ.ಎ. ಕಾಗದಾನ? ಸೀರಿ ಬಿಗಿ ಕಟ್ಟಕೋತೀನಿ, ಅಂಬು. ಬಳಿ ತಗದ ಇಡ್ತೀನಿ. ಏನಾಗಾಂಗಿಲ್ಲ."

ಹೇಳುತ್ತಲೇ ಅವಳ ತಲೆ ನನ್ನ ಹೆಗಲಿಗೆ ಬಿತ್ತು.

ರಾತ್ರಿಯೆಲ್ಲ ಮುನೀಮನಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಬರೆದೆ, ಹೊಡೆದುಹಾಕಿದೆ. ಕಾಲೇಜಿನಲ್ಲಿ ಹಾಜರಿ ಕೂಗಿದಾಗಲೂ ಆಮ್ರಪಾಲಿ ಎಂಬ ನನ್ನ ಹೆಸರಿಗೆ ಪಕ್ಕದ ಹುಡುಗಿ ಓಗೊಡುತ್ತಿದ್ದಳು. ನನ್ನ ದನಿ ಮೂರನೇ ಬೆಂಚು ದಾಟುತ್ತಿರಲಿಲ್ಲ.

ಮರುದಿನ ರೊಟ್ಟಿ ತಿಂದು ಕೈ ತೊಳೆಯುವಷ್ಟರಲ್ಲಿ ಮಹಾರುದ್ರಪ್ಪ ಕೂಗಿದ. "ದ್ರೌಪತೀ, ಏಳ. ಪಟ್ಟಾ ಚಾಲೂ ಮಾಡ್ಯಾರ."

ಅವ್ವ ಎದ್ದಳು. ಬಳೆಗಳನ್ನು ಒಂದೊಂದಾಗಿ ಕಳಚಿ ರೊಟ್ಟಿ ಗಂಟಿನಲ್ಲಿ ಇಟ್ಟಳು. ಕಚ್ಚೆ ಬಿಗಿದಳು. ಆಕಳಿಸಿದಳು.

ಮಶೀನು ಕೋಣೆಯ ಬಾಗಿಲು ಒಬ್ಬರು ಹಾಯುವಷ್ಟೇ ಅಗಲ. ಅವ್ವನಿಗಿಂತ ಮೊದಲು ಅಲ್ಲಿಗೆ ಹೋದೆ. ಹೊಸ್ತಿಲಿಗೆ ಅಡ್ಡವಾಗಿ ಮಲಗಿದೆ. ತೋಳು ತಲೆಗಿಟ್ಟುಕೊಂಡು ಕಣ್ಣು ಮುಚ್ಚಿದೆ.

"ಏನ ಇದು? ಏ ಬಿ.ಎ., ಏನ ನಾಟಕ?"

"ಇಪ್ಪತ್ತು ನಿಮಿಷ್ರಿ."

ಅವನಿಗೆ ಕೇಳಿಸಲಿಲ್ಲ. ಮತ್ತೆ ಹೇಳಿದೆ. ಈ ಸಲ ತಗಡಿಗೆ ತಾಗುವಂತೆ ಬಂತು ದನಿ. ಯಾರದೋ ದನಿ ಅನ್ನಿಸಿತು.

"ಏಳಲೇ! ತುಳಕೋತ ಹೋಗ್ತೀನಿ ನೋಡ."

"ತುಳೀರಿ ಮುನೀಮರ," ಗಂಗುಬಾಯಿ ಮಾವಶಿ ಅಂದಳು. "ಆಮ್ಯಾಲ ಕಾಲ ತೊಳಕೋಬೇಕಾಗ್ತದ, ಪೈಪ್ ತರಸಿ ಇಡ್ರಿ." ಅವಳ ಮರ ನೆಲಕ್ಕೆ ಬಿದ್ದ ಸಪ್ಪಳ ಬಂತು. ಸೊಂಟ ಹಿಡಿದು ನರಳುತ್ತ ನನ್ನ ಪಕ್ಕಕ್ಕೆ ಬಂದು ಮಲಗಿದಳು. "ಸರಕೋ ಹುಡಗಿ. ನೀ ಒಬ್ಬಾಕೇ ಹಾಸಿಗಿ ಹಿಡದೀ."

ಸರ್ದಾರಬಿ ಖಾಲಾ "ಯಾ ಅಲ್ಲಾ" ಎಂದು ಕಾಲು ಚಾಚಿದಳು. ಅವಳ ಆಚೆ ಮತ್ತೊಬ್ಬಳು. ಒಂದೊಂದೇ ಮರ ನಿಲ್ಲುತ್ತ ಬಂತು. ಗೋಡೆಯಾಚೆ ಪಟ್ಟಾ ಮಾತ್ರ ಖಾಲಿ ಓಡುತ್ತಿತ್ತು. ಮಹಾರುದ್ರಪ್ಪ ಫೋನಿನಲ್ಲಿ ಒದರುತ್ತಿದ್ದ, "ಮಾಲಕರ, ಲಗೂ ಬರ್ರಿ. ಎಲ್ಲಾ ಮಲಗ್ಯಾವ್ರಿ. ಇಲ್ರಿ, ಸತ್ತಿಲ್ಲ. ಮಲಗ್ಯಾವು."

ಅವ್ವ ನನ್ನ ತಲೆಯ ಹತ್ತಿರ ಕೂತು ಅಲುಗಿಸಿದಳು. "ಏಳ ಅಂಬು. ನಿನ್ನ ಕಾಲಿಗಿ ಬೀಳ್ತೀನಿ. ನಾ ಹೋಗ್ತೀನಿ ಒಳಗ. ಬಿಡು, ಹಾದಿ ಬಿಡು." ನಾನು ಏಳಲಿಲ್ಲ. ಅವಳ ಕೈಯನ್ನು ಹಿಡಿದೆ. ಬಿಡಿಸಿಕೊಳ್ಳಲು ಎಳೆದಳು. ಇನ್ನೊಮ್ಮೆ ಎಳೆದಳು. ಆಮೇಲೆ ಎಳೆಯಲಿಲ್ಲ. ಕೈ ಭಾರವಾಯಿತು. ಅವಳ ಹಣೆ ನನ್ನ ಭುಜದ ಮೇಲೆ ಇಳಿಯಿತು. ಬಿಸಿ ಉಸಿರು ಕುತ್ತಿಗೆಗೆ ತಾಗಿತು.

ಸುತ್ತ ಗೊರಕೆ. ಗಂಗುಬಾಯಿ ನಿಜವಾಗಿಯೂ ಮಲಗಿದ್ದಳು. ಎಲ್ಲರೂ ನಿಜವಾಗಿಯೂ ಮಲಗಿದ್ದರು. ನಾನೊಬ್ಬಳೇ ಎಚ್ಚರವಿದ್ದೆ.

ಅಂಗಳದಲ್ಲಿ ಕಾರು ನಿಂತಿತು. ಬಾಗಿಲು ಬಡಿಯಿತು. ಬೂಟುಗಳು ತಗಡಿನ ಕೆಳಗೆ ಬಂದವು. ಮಲಗಿದವರ ನಡುವೆ ಜಾಗ ಹುಡುಕುತ್ತ, ಒಂದೊಂದೇ ಹೆಜ್ಜೆ ಹಾಕುತ್ತ ಬಂದವು. ನನ್ನ ಕಿವಿಯ ಹತ್ತಿರ ನಿಂತವು.

"ಏಳ," ಎಂದರು ಮಾಲಕರು.

ಅವ್ವ ನಿದ್ದೆಯಲ್ಲೇ ಏನೋ ಗೊಣಗಿದಳು. ಅವಳಿಗೆ ಎಚ್ಚರವಾಗದಂತೆ ಭುಜ ಅಲುಗಿಸದೆ ನಾನು ಹಾಗೇ ಮಲಗಿದ್ದೆ.