ತಲೆ ಯಾವ ಕಡೆ

ಮೂರನೇ ಮಂಚದಲ್ಲಿದ್ದವಳು ಬಸ್ ಕಂಡಕ್ಟರ್. ಚೊಚ್ಚಲ ಹೆರಿಗೆ. ಬೆಳಿಗ್ಗೆಯಿಂದ ನೋವು ತಿಂದು, ಎರಡು ಗಂಟೆ ತಿಣುಕಿದರೂ ಮಗು ಕೆಳಗಿಳಿದಿರಲಿಲ್ಲ.

ಡಾಕ್ಟರ್ ಗ್ಲೌಸ್ ಹಾಕಿದ ಎರಡು ಬೆರಳಿನಿಂದ ಒಳಗೆ ತಡವಿ ನೋಡಿದ. "ತಲೆ ಸರಿಯಾಗೇ ಇದೆ. ಮುಖ ತಾಯಿ ಬೆನ್ನ ಕಡೆಗಿದೆ. ವ್ಯಾಕ್ಯೂಮ್ ಕಪ್ ತಲೆಗೆ ಅಂಟಿಸಿ ಎಳೆಯೋಣ."

ಹಿರಿಯ ನರ್ಸ್ ಆಗಷ್ಟೇ ಪರೀಕ್ಷಿಸಿದ್ದಳು. "ನನಗೆ ಮುಖ ಹೊಟ್ಟೆ ಕಡೆ ಇದೆ ಅನ್ನಿಸ್ತು ಸರ್. ತಲೆ ಊದಿಕೊಂಡಿದೆ, ಕೈಗೆ ಸರಿಯಾಗಿ ಗೊತ್ತಾಗ್ತಿಲ್ಲ. ಮುಖ ಆ ಕಡೆ ಇದ್ರೆ ಕಪ್ ತಪ್ಪು ಜಾಗಕ್ಕೆ ಕೂತು ಕಳಚುತ್ತೆ. ಸ್ಕ್ಯಾನ್ ಮೆಷಿನ್ ಪಕ್ಕದ ರೂಮಲ್ಲೇ ಇದೆ, ಎರಡು ನಿಮಿಷದ ಕೆಲಸ."

"ಹದಿನೆಂಟು ವರ್ಷದ ಸರ್ವಿಸ್ ನಂದು. ನನ್ನ ಬೆರಳಿಗೇ ಕಣ್ಣಿದೆ."

ನರ್ಸ್ ಕಪ್ ತೆಗೆದು ಅವನ ಕೈಗಿಟ್ಟಳು. ಡಾಕ್ಟರ್ ಅದನ್ನು ಹಾಕಿ ಎಳೆದ. ಕಳಚಿತು. ಮತ್ತೆ ಹಾಕಿದ, ಮತ್ತೆ ಕಳಚಿತು. ಮಗುವಿನ ಎದೆಬಡಿತ ನಿಧಾನವಾಗತೊಡಗಿತು. ತಲೆದೆಸೆಯಲ್ಲಿ ನಿಂತಿದ್ದ ಗರ್ಭಿಣಿಯ ಅಕ್ಕನಿಗೆ ತಡೆಯಲಾಗಲಿಲ್ಲ.

"ನೀವೊಂದು ಹೇಳ್ತೀರ, ಅವರೊಂದು ಹೇಳ್ತಾರೆ. ಆ ಮೆಷಿನ್ ಏನು ಅಲಂಕಾರಕ್ಕೆ ಇಟ್ಟಿದೀರಾ?"

ನರ್ಸ್ ಯಾರ ಅಪ್ಪಣೆಗೂ ಕಾಯಲಿಲ್ಲ. ಮೆಷಿನನ್ನು ದಡದಡ ತಳ್ಳಿಕೊಂಡು ಬಂದಳು. ಪರದೆಯ ಮೇಲೆ ಮಗುವಿನ ಎರಡು ಕಣ್ಣುಗೂಡುಗಳು ನೇರ ಮೇಲಕ್ಕೆ, ತಾಯಿಯ ಹೊಟ್ಟೆಯ ಕಡೆಗೇ ಇದ್ದವು. ಡಾಕ್ಟರ್ ಕಪ್ ಕೆಳಗಿಟ್ಟ. "ಸಿಸೇರಿಯನ್ ಮಾಡೋಣ, ಥಿಯೇಟರ್ ರೆಡಿ ಮಾಡಿ" ಎಂದ.

ಹೆಣ್ಣು ಮಗು. ತಡವಾಗಿ ಅತ್ತಿತು. ನೆತ್ತಿಯ ಮೇಲೆ ಬಟ್ಟಲಿನಷ್ಟಗಲ ಕೆನ್ನೀಲಿ ಬಾವು, ಒಂದು ಅಂಚಿನಲ್ಲಿ ಚರ್ಮ ಕಿತ್ತಿತ್ತು. ಬದುಕುತ್ತದೆ ಎಂದರು ಮಕ್ಕಳ ಡಾಕ್ಟರು.

"ತಲೆ ಆಮೇಲೆ ತಿರುಗ್ತು ಅಂತ ಕೇಸ್ ಶೀಟಲ್ಲಿ ಬರೀರಿ" ಎಂದ ಡಾಕ್ಟರ್, ಕೈ ತೊಳೆಯುತ್ತ.

"ತಿರುಗಿದ್ದು ತಲೆ ಅಲ್ಲ ಸರ್, ನಿಮ್ಮ ಮಾತು." ನರ್ಸ್ ಕೇಸ್ ಶೀಟ್ ತೆರೆದಳು. "ಕೈ ಯಾರದ್ದಾದರೂ ತಪ್ಪುತ್ತೆ. ಬೆಳಿಗ್ಗೆ ಇನ್ನೊಬ್ಬಳ ಹೆರಿಗೇಲಿ ನಂದೂ ತಪ್ಪಿತ್ತು. ಮಗುವಿನ ಬೆನ್ನು ಎಡಕ್ಕಿದೆ ಅಂತ ಬರೆದಿದ್ದೆ, ಸ್ಕ್ಯಾನಲ್ಲಿ ನೋಡಿದ್ರೆ ಬಲಕ್ಕಿತ್ತು. ಅದನ್ನೂ ಅವಳ ಶೀಟಲ್ಲಿ ಹಾಗೇ ಬಿಟ್ಟಿದೀನಿ. ನೋಡೋಕೆ ದಾರಿ ಇದ್ದಾಗಲೂ ನೋಡ್ದೆ ಎಳೆದ್ರಲ್ಲ, ಅದನ್ನ ಹೇಗೆ ಮುಚ್ಚಲಿ?"

ನಡೆದದ್ದನ್ನು ನಡೆದ ಹಾಗೇ, ಗಂಟೆ ನಿಮಿಷದ ಸಮೇತ ಬರೆದಳು. ಆಮೇಲೆ ಅಕ್ಕನ ಬಳಿ ಹೋಗಿ ಒಂದನ್ನೂ ಬಿಡದೆ ಹೇಳಿದಳು.

ಅಕ್ಕ ಕೇಳಿಸಿಕೊಂಡಳು. "ನಿಮಗೆ ಮೊದಲೇ ಅನ್ನಿಸಿತ್ತಲ್ಲ. ಆಗಲೇ ಮೆಷಿನ್ ಯಾಕೆ ತರಲಿಲ್ಲ?"

"ಹೆದರಿದೆ."

"ಹಾಗಾದ್ರೆ ನಿಮ್ಮ ಮೇಲೂ ನನಗೆ ಸಿಟ್ಟಿದೆ."

"ಇರಲಿ" ಎಂದಳು ನರ್ಸ್. "ಇರಬೇಕಾದ್ದೇ."