ಸಾಣೆಗೆ ಬಂದ ಕಲ್ಲಿನ ಕೊಡಲಿ

ನಾಲ್ಕು ಜನರೆದುರು ಬಾಯಿ ತೆರೆದರೆ ತನ್ನ ದನಿ ನಡುಗುತ್ತದೆ, ಇನ್ನು ಅಪ್ಪ, ಅಣ್ಣನ ಮುಂದೆ ತನ್ನ ಮಾತು ನಡೆಯುತ್ತದೆಯೇ? ಅಣ್ಣನ ಸಾಣೆ ಅಂಗಡಿಯ ಬಾಗಿಲಲ್ಲಿ ನಿಂತವಳಿಗೆ ಇದೇ ಚಿಂತೆ. ಓದಿದ್ದು ಇತಿಹಾಸದಲ್ಲಿ ಪದವಿ. ಮನೆಯವರು ಕರೆಯುವುದು 'ಮೌನಗೌರಿ' ಅಂತ.

ಬೆಳಗ್ಗೆ ಹೊಲದಲ್ಲಿ ಪೈಪು ಹೂಳಲು ಅಗೆಯುವಾಗ ಅಪ್ಪನ ಗುದ್ದಲಿಗೆ ಒಂದು ಕರಿಕಲ್ಲು ತಾಗಿತ್ತು. ಅಂಗೈಯಷ್ಟು ಉದ್ದ. ಒಂದು ತುದಿ ಮೊಂಡು, ಇನ್ನೊಂದು ತುದಿ ತೆಳ್ಳಗೆ, ಮೈಯೆಲ್ಲ ನುಣುಪು. ಅಪ್ಪ ಅದನ್ನು ಅಣ್ಣನಿಗೆ ತೋರಿಸಲು ಅಂಗಡಿಗೆ ತಂದಿದ್ದರು. ನೋಡಿದ ಕೂಡಲೇ ಅವಳಿಗೆ ಗುರುತು ಸಿಕ್ಕಿತು. ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಇಂಥದ್ದನ್ನೇ ಕಂಡಿದ್ದಳು.

"ಅಂಚು ಮುಕ್ಕಾಗಿದೆ. ಸಾಣೆ ಹಿಡಿದರೆ ಫಳಫಳ ಅನ್ನುತ್ತೆ, ಶೋಕೇಸಲ್ಲಿ ಇಡೋಣ," ಎಂದು ಅಣ್ಣ ಸ್ವಿಚ್ ಒತ್ತಿದ. ಚಕ್ರ ಗಿರ್ರೆಂದಿತು.

ಅವಳ ಕೈ ತಾನಾಗಿ ಮುಂದೆ ಹೋಗಿ ಸ್ವಿಚ್ ಆರಿಸಿತು.

"ಏನೇ ಇದು?"

"ಬೇಡ ಅಣ್ಣಾ. ಅದು ಕೊಡಲಿ. ಕಬ್ಬಿಣ ಅಂದ್ರೇನು ಅಂತಲೇ ಗೊತ್ತಿಲ್ಲದ ಕಾಲದ್ದು."

"ಕಲ್ಲಲ್ಲಿ ಕೊಡಲಿಯಾ! ಹಾಗಾದ್ರೆ ನಿಮ್ಮಣ್ಣ ಅಂಗಡಿಗೆ ಬೀಗ ಹಾಕಲಿ," ಅಪ್ಪ ನಕ್ಕರು.

ಅವಳ ಕಿವಿ ಬಿಸಿಯಾಯಿತು. ಆದರೂ ಬಿಡಲಿಲ್ಲ. "ಆ ಮುಕ್ಕೇ ಮುಖ್ಯ ಅಪ್ಪಾ. ಇದರಲ್ಲಿ ಏನು ಕಡಿದರು, ಹೇಗೆ ಕಡಿದರು ಅಂತ ತಿಳಿದವರು ಅದನ್ನ ನೋಡಿ ಹೇಳ್ತಾರೆ. ಸಾಣೆಗೆ ಕೊಟ್ಟರೆ ಎಲ್ಲಾ ಅಳಿಸಿಹೋಗುತ್ತೆ. ಅಣ್ಣಾ, ನೀನೇ ಮುಟ್ಟಿ ನೋಡು."

ಅಣ್ಣ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಮಗುಚಿ ನೋಡಿದ. ಮುಖದ ನಗು ಇಳಿಯಿತು.

"ಎರಡೂ ಕಡೆ ಒಂದೇ ಸಮ ಮಸೆದಿದ್ದಾನೆ. ಚಕ್ರ ಇಲ್ಲ, ಏನಿಲ್ಲ, ಬರೀ ಕೈಯಲ್ಲಿ! ಇಂಥವನ ಕೆಲಸ ಕೆಡಿಸೋಕೆ ನಾನ್ಯಾರು?"

"ಸರಿ ಮಗಳೇ, ಈಗೇನು ಮಾಡೋದು?" ಎಂದರು ಅಪ್ಪ.

"ಸಿಕ್ಕ ಜಾಗದಲ್ಲಿ ಗೂಟ ನೆಡೋಣ. ತಿಳಿದವರು ಬಂದು ನೋಡೋವರೆಗೆ ಅಲ್ಲಿ ಅಗೆಯೋದು ಬೇಡ."

"ಮತ್ತೆ ಪೈಪು?"

"ಸುತ್ತಿಬಳಸಿ ಹೋಗಲಿ."

ಅಪ್ಪ ತಲೆ ಕೆರೆದುಕೊಂಡರು. ಆಮೇಲೆ ಗೂಟ ಹುಡುಕಲು ಹೊರಟರು.

ಅಷ್ಟರಲ್ಲಿ ಕತ್ತಿ, ಚಾಕು ಹಿಡಿದು ಬಂದವರು ಅಂಗಡಿ ಮುಂದೆ ಗುಂಪುಗೂಡಿ ಇವರ ಮಾತು ಕೇಳುತ್ತಿದ್ದರು. "ನಮ್ಮನೆ ಬಾಗಿಲಿಗೆ ಒತ್ತು ಕೊಟ್ಟಿರೋದೂ ಇಂಥದ್ದೇ ಕಣೇ! ಅಷ್ಟು ಹಳೇದು ಮನೇಲಿ ಇರಬಾರದೇನೋ, ಬಿಸಾಕಲೇನು?" ಎಂದರು ಪಕ್ಕದ ಮನೆಯತ್ತೆ.

ಎಲ್ಲರ ಕಣ್ಣೂ ಅವಳ ಮೇಲೆ. ಅಣ್ಣ ಮೆಲ್ಲಗೆ, "ಹೇಳು," ಎಂದ.

ಅವಳು ತಲೆ ಎತ್ತಿದಳು.

"ಬಿಸಾಕಬೇಡಿ ಅತ್ತೆ. ಯಾರಿಗೇ ಸಿಗಲಿ, ಉಜ್ಜಬೇಡಿ, ಮಸೆಯಬೇಡಿ, ಮಾರಬೇಡಿ. ಸಿಕ್ಕ ಜಾಗಕ್ಕೆ ಗುರುತಿಟ್ಟು, ಫೋಟೋ ತೆಗೆದು, ಹತ್ತಿರದ ವಸ್ತುಸಂಗ್ರಹಾಲಯಕ್ಕೆ ತಿಳಿಸಿ. ನಮಗಿಂತ ಮುಂಚೆ ಈ ಮಣ್ಣಲ್ಲಿ ದುಡಿದವರು ಒಂದಕ್ಷರ ಬರೆದಿಟ್ಟಿಲ್ಲ. ಇಂಥ ಕಲ್ಲು ಬಿಟ್ಟುಹೋಗಿದ್ದಾರೆ. ಅದನ್ನ ಉಳಿಸೋದು ಈಗ ನಿಮ್ಮ ಕೈಯಲ್ಲಿದೆ."