ಆರನೇ ಬೆಡ್ಡಿನ ರಕ್ತ

ಕೈಲಾಂಚ ಕಡೆಯ ಅಂಕಮ್ಮನಿಗೆ ಬೇರೆ ಗುಂಪಿನ ರಕ್ತ ಏರಿಸಿದರು, ಮಂಗಳವಾರ ಮಧ್ಯಾಹ್ನ ಅವಳು ಸತ್ತಳು. ಎ.ಸಿ.ಯಿಂದ ನೀರು ತೊಟ್ಟಿಕ್ಕಿ ಗೋಡೆಯ ಸುಣ್ಣ ಉಬ್ಬಿದೆ, ಮುಟ್ಟಿದರೆ ಉದುರೀತು, ಭಾನುಪ್ರಿಯಳ ಕಣ್ಣು ಅಲ್ಲೇ ನೆಟ್ಟಿದೆ, ಮೇಜಿನಾಚೆ ಆಸ್ಪತ್ರೆಯ ಮ್ಯಾನೇಜರ್ ಯೋಗಾನಂದ, ಬರೀಮ್ಮಾ ಅನ್ನುತ್ತಿದ್ದಾನೆ, ನಾನ್ ಹೇಳ್ದಂಗೆ ಎರಡೇ ಸಾಲು ಬರಿ, ಮುಗೀತು — ಮುಗಿಯುವುದು ಏನು, ಎರಡು ವರ್ಷದಿಂದ ಹೆಂಗಸರ ವಾರ್ಡಿನಲ್ಲಿ ರಕ್ತ ತೆಗೆಯುವ ಟೆಕ್ನೀಷಿಯನ್ ಅವಳೇ, ಕಣ್ಣು ಮುಚ್ಚಿಕೊಂಡೂ ನರ ಹುಡುಕುವ ಬೆರಳು, ಎರಡನೇ ಸಲ ಚುಚ್ಚಿಸಿಕೊಂಡವರಿಲ್ಲ, ನಿನ್ ಕೈ ಹೂವಿನಂಗೈತೆ ಮಗ ಅಂದಿದ್ದಳು ಮಾಗಡಿಯ ಒಬ್ಬ ಮುದುಕಿ, ಆ ಮುದುಕಿಯ ಹೆಸರೇನು, ಗೊತ್ತಿಲ್ಲ, ಹದಿಮೂರನೇ ಬೆಡ್ಡು. ತರಬೇತಿಯಲ್ಲಿ ಮೇಡಂ ಬಾಯಿಪಾಠ ಮಾಡಿಸಿದ್ದರು, ಹೆಸರು ನೀನು ಹೇಳಬೇಡ, ಅವರ ಬಾಯಲ್ಲಿ ಹೇಳಿಸು, ಕೈಪಟ್ಟಿಯಲ್ಲಿ ಬರೆದ ಹೆಸರು ನೋಡು, ರಕ್ತ ತುಂಬಿದ ಮೇಲೆ ಅವರ ಮುಂದೆಯೇ ನಿಂತು ಟ್ಯೂಬಿಗೆ ಚೀಟಿ ಅಂಟಿಸು. ಇಲ್ಲಿ ಕೈಪಟ್ಟಿ ಮುಗಿದು ಮೂರು ತಿಂಗಳು, ಕೇಳಿದರೆ ಬತ್ತದೆ ಬತ್ತದೆ, ಇಲ್ಲಿ ಬೆಳಗಿನ ಐದೂವರೆಗೇ ಕೌಂಟರಿನಲ್ಲಿ ಕೂತು ಇಪ್ಪತ್ತೆರಡು ಖಾಲಿ ಟ್ಯೂಬಿಗೂ ಚೀಟಿ ಅಂಟಿಸಿ ಬೆಡ್ ನಂಬರಿನ ಸಾಲಿನಲ್ಲಿ ಸ್ಟ್ಯಾಂಡಿಗೆ ನೆಡಬೇಕು, ಆರೂ ಕಾಲಿಗೆ ಲ್ಯಾಬಿನ ವ್ಯಾನು, ಅದು ಇದೇ ಯೋಗಾನಂದ ಮಾಡಿದ ರೂಲು — ಒಬ್ಬೊಬ್ಬರ ಹೆಸರು ಕೇಳ್ತಾ ನಿಂತ್ಕಂಡ್ರೆ ಮಧ್ಯಾಹ್ನ ಆಯ್ತದೆ ಕಣಮ್ಮ, ಬೆಡ್ ಏನ್ ಎದ್ದು ಓಡಾಡ್ತದಾ? ಬೆಡ್ಡು ಓಡಾಡುವುದಿಲ್ಲ, ಮನುಷ್ಯರು ಓಡಾಡುತ್ತಾರೆ, ಮನುಷ್ಯರು ಅಂತ ಯಾರಿಗೆ ನೆನಪಿತ್ತು.

ಆರನೇ ಬೆಡ್ಡಿನ ತಲೆ ಉತ್ತರಕ್ಕಿತ್ತು, ಅಷ್ಟೇ, ಎಲ್ಲ ಆದದ್ದು ಅಷ್ಟರಿಂದ. ಗರ್ಭಕೋಶದ ಆಪರೇಷನ್ನಿಗೆ ಬಂದಿದ್ದ ಅಂಕಮ್ಮ ಸೋಮವಾರ ಸಂಜೆ ಮಂಚದ ತುದಿಯಲ್ಲೇ ಕೂತಿದ್ದಳಂತೆ, ಉತ್ತರಕ್ ತಲೆ ಮಡಗಿ ಮಲಗಾಕಿಲ್ಲ ಕಣವ್ವಾ ಅಂದಳಂತೆ, ದಿಂಬು ತಿರುಗಿಸಿಕೊಂಡರೆ ಡ್ರಿಪ್ಪಿನ ಪೈಪು ಎಟಕುವುದಿಲ್ಲ ಅಂತ ಆಯಾ ಗದರಿದಳಂತೆ, ಆಗ ಎದುರು ಸಾಲಿನ ಒಂಬತ್ತನೇ ಬೆಡ್ಡಿನಿಂದ ಚನ್ನಪಟ್ಟಣದ ನೂರ್ಜಹಾನ್ ನಗುತ್ತಾ ಎದ್ದು ಬಂದಳಂತೆ, ನಂಗೆ ಯಾವ್ ದಿಕ್ಕಾದ್ರೂ ನಿದ್ದೆ ಬತ್ತದೆ, ನೀವ್ ನನ್ ಬೆಡ್ಡಿಗ್ ಹೋಗಿ ಅವ್ವಾ. ಇದೆಲ್ಲ ಭಾನುಪ್ರಿಯಳಿಗೆ ಗೊತ್ತಾದದ್ದು ಅಂಕಮ್ಮ ಸತ್ತ ಮೇಲೆ. ಬೆಳಿಗ್ಗೆ ಆರನೇ ಬೆಡ್ಡಿನಲ್ಲಿ ಕಂಡದ್ದು ಮುಖದ ಮೇಲೆ ಹೊದ್ದ ರಗ್ಗು, ರಗ್ಗಿನಾಚೆ ಒಂದು ತೋಳು, ಅವಳು ತೋಳಿಗೆ ಪಟ್ಟಿ ಬಿಗಿದಳು, ಸ್ಪಿರಿಟ್ ಒರೆಸಿದಳು, ಚುಚ್ಚಿದಳು, ಅಂಕಮ್ಮ ಅಂತ ಮೊದಲೇ ಚೀಟಿ ಅಂಟಿಸಿದ ಟ್ಯೂಬಿನೊಳಗೆ ನೂರ್ಜಹಾನಳ ರಕ್ತ ಬೆಚ್ಚಗೆ ಏರಿತು, ತೋಳು ಸುಮ್ಮನಿತ್ತು, ಅವಳೂ ಸುಮ್ಮನೆ ಏಳನೇ ಬೆಡ್ಡಿಗೆ ಹೋದಳು. ಒಂದು ಹೆಸರು ಕೇಳಲು ಎಷ್ಟು ಹೊತ್ತು, ಉಸಿರು ಬಿಡುವಷ್ಟು ಹೊತ್ತು. ಅಂಕಮ್ಮನದು ಓ ಗುಂಪು, ಲ್ಯಾಬಿನಿಂದ ಬಿ ಅಂತ ಬಂತು, ಆಪರೇಷನ್ನಿಗೆ ಮೊದಲು ಏರಿಸಲು ಬಿ ರಕ್ತದ ಚೀಲ ಬಂತು, ಏರಿಸುವ ಸಿಸ್ಟರ್ ಮಾತ್ರ ಹೆಸರು ಹಿಡಿದೇ ಕರೆದರು, ಅಂಕಮ್ಮ ಯಾರು ಅಂತ, ನಾನೇ ಕಣವ್ವಾ ಅಂದಳು ಅವಳು, ಕೈ ಎತ್ತಿ, ಶಾಲೆಯ ಮಕ್ಕಳ ಹಾಗೆ. ಆಮೇಲೆ ಚಳಿ, ಮಗ ಅಶ್ವಥ್ ಮೂರು ರಗ್ಗು ಹೊದಿಸಿದ, ಸೊಂಟ ಸೀಳ್ತೈತೆ ಕಣಪ್ಪ, ಉಚ್ಚೆಯ ಚೀಲ ಕೆಂಪಗೆ —

ಏನ್ ಯೋಚ್ನೆ ಮಾಡ್ತಿದ್ದೀಯ, ಯೋಗಾನಂದ ಪೆನ್ನನ್ನು ಅವಳ ಕಡೆ ತಳ್ಳುತ್ತಾನೆ, ಬರಿ, ನಾನು ಹೆಸರು ಕೇಳಿದೆ, ಆರನೇ ಬೆಡ್ಡಿನಲ್ಲಿದ್ದ ಹೆಂಗಸು ತಾನೇ ಅಂಕಮ್ಮ ಅಂದಳು, ಕೆಳಗೆ ಸೈನ್ ಹಾಕು. ಆರನೇ ಬೆಡ್ಡಿನ ಹೆಂಗಸಿಗೆ ಹೆಸರಿಲ್ಲವೇ, ಇದೆ, ನೂರ್ಜಹಾನ್, ಆ ಹೆಸರಿರುವುದಕ್ಕೇ ಇವನು ಈ ಸಾಲು ಹುಡುಕಿದ್ದಾನೆ, ಗೇಟಿನಲ್ಲಿ ಅಂಕಮ್ಮನ ಕಡೆಯ ನಲವತ್ತು ಜನ ಕೂತಿದ್ದಾರೆ, ಈ ಕಾಗದ ಅವರ ಕೈಗೆ ಹೋದರೆ ಸಾಕು, ಸುಳ್ಳು ಹೆಸರು ಹೇಳಿ ಕೊಂದಳು ಅಂತ ಆಸ್ಪತ್ರೆಯ ಗಾಜು ಬಿಟ್ಟು ಬೇರೊಂದು ಬಾಗಿಲಿಗೆ ಕಲ್ಲು ಬೀಳುತ್ತದೆ, ದಿಕ್ಕು ಬಿಟ್ಟುಕೊಟ್ಟು ಮಲಗಿದವಳ ಬಾಗಿಲಿಗೆ. ಬದುಕಿದ್ದಾಗ ಇವರಿಗೆ ಎಲ್ಲರೂ ನಂಬರು, ಸತ್ತ ಮೇಲೆ ಹೆಸರು ಬೇಕು, ಅದೂ ಇನ್ನೊಬ್ಬಳ ತಲೆಗೆ ಕಟ್ಟಲು. ಬರೆಯದಿದ್ದರೆ ಏನಾಗುತ್ತದೆ, ಏನೂ ಬದಲಾಗುವುದಿಲ್ಲ, ಕೇಳಿದ್ದನ್ನು ಕಂಡೆ ಅಂತ ಇನ್ನೊಬ್ಬಳ ಕೈಲಿ ಬರೆಸುತ್ತಾರೆ, ನಾಳೆಯೂ ಇಪ್ಪತ್ತೆರಡು ಟ್ಯೂಬಿಗೆ ಮೊದಲೇ ಚೀಟಿ ಬೀಳುತ್ತದೆ, ಪೊಲೀಸರು ಭಾನುಪ್ರಿಯಳನ್ನೇ ಕರೆದೊಯ್ಯುತ್ತಾರೆ, ಇವನು ಅದನ್ನೂ ಹೇಳಿದ, ನಗುತ್ತಲೇ, ಕೋಡಿಹಳ್ಳಿಲಿ ನಿಮ್ಮಪ್ಪ ತಲೆ ಎತ್ಕಂಡ್ ತಿರ್ಗಾಕಾಯ್ತದಾ ನೋಡು. ಆಗುವುದಿಲ್ಲ. ಅಂಕಮ್ಮ ಎದ್ದು ಬರುವುದೂ ಇಲ್ಲ. ಎಲ್ಲ ಕಡೆಯೂ ಗೋಡೆಯೇ, ಆದರೂ ಪೆನ್ನು ಮುಟ್ಟದೆ, ಕೈ ಮಡಿಲಲ್ಲೇ ಇಟ್ಟುಕೊಂಡು, ಬರಿಯಮ್ಮಾ, ಬರಿ —

ನಾನ್ ಕೇಳ್ಲಿಲ್ಲ ಸಾರ್. ಕೇಳ್ದೆ ಅಂತ ಬರಿಯಾಕಿಲ್ಲ.